ತಣಿಯದ ಹಂಡೆ

ದೆವ್ವಗಿವ್ವ ನಂಬುವ ಜನ ನಾನಲ್ಲ. ಆದದ್ದನ್ನಷ್ಟೇ ಹೇಳ್ತೇನೆ.

ಒಂದು ಮಧ್ಯಾಹ್ನ ಕಾವೂರಿನ ನಮ್ಮ ಮನೆಗೆ ಬಾವ ಚಿತ್ತರಂಜನ ಗೋಣಿಯಲ್ಲಿ ಜೀವಂತ ಚಿಪ್ಪುಹಂದಿ ತಂದ. ಅದರ ಚಿಪ್ಪಿಗೆ ಗಿರಾಕಿ ಇದ್ದ. ಕುದಿಯುವ ನೀರಿಗೆ ಹಾಕಿದರೆ ಚಿಪ್ಪು ಸಲೀಸಾಗಿ ಬಿಡ್ತದಂತೆ. ಬಚ್ಚಲಿನ ತಾಮ್ರದ ಹಂಡೆಗೆ ನಾನೇ ಬೆಂಕಿ ಹಾಕಿದೆ, ನಾನೇ ಮುಚ್ಚಳ ಒತ್ತಿ ಹಿಡಿದೆ. ಒಳಗೆ ಉಗುರು ತಾಮ್ರವನ್ನು ಕೆರೆಯುವುದು ಅಂಗೈಗೆ ಗೊತ್ತಾಗ್ತಿತ್ತು.

ಸತ್ತರೂ ಅದು ಚೆಂಡಿನ ಹಾಗೆ ಸುರುಟಿಕೊಂಡೇ ಇತ್ತು. ಎಳೆದು ಬಿಡಿಸಿದರೆ ಹೊಟ್ಟೆಗೆ ಅವಚಿಕೊಂಡ ಒಂದು ಮರಿ, ಬೆಂದುಹೋಗಿತ್ತು.

"ಸಣ್ಣದರ ಚಿಪ್ಪು ಎಂತಕ್ಕೂ ಆಗುದಿಲ್ಲ ಮಾರಾಯ, ಬಿಸಾಡು," ಎಂದ ಬಾವ. ತೆಂಗಿನ ಬುಡಕ್ಕೆ ಬಿಸಾಡಿದೆ.

ಮರುದಿನ ಒಲೆ ಹಚ್ಚುವ ಮೊದಲೇ ಹಂಡೆಯ ನೀರು ಬಿಸಿ ಇತ್ತು. ಹೆಂಡತಿ ಕುಶಲಾ ನೀರನ್ನೆಲ್ಲ ಚೆಲ್ಲಿದಳು. ಖಾಲಿ ಹಂಡೆಯೂ ತಣಿಯಲಿಲ್ಲ. ಕಿತ್ತು ಅಂಗಳಕ್ಕೆ ಹಾಕಿದೆ. ಈಗ ಮಳೆ ಬಿದ್ದರೆ ಅದರಿಂದ ಹಬೆ ಏಳ್ತದೆ.

ಒಳಗೆ ದೊಡ್ಡ ಉಗುರಿನ ಗೀರುಗಳು ಅಡಿಯಲ್ಲೇ ಉಂಟು. ಸಣ್ಣ ಗೀರುಗಳು ಮೊದಲು ಇರಲಿಲ್ಲ. ಅವು ದಿನಕ್ಕಿಷ್ಟು ಮೇಲೆ ಬರ್ತಾ ಇದ್ದವು. ಇವತ್ತು ಬೆಳಿಗ್ಗೆ ನೋಡಿದೆ, ಹಂಡೆಯ ಹೊರಮೈಯಲ್ಲೂ ಒಂದು ಉಂಟು.