ರಾಣಿಯ ಮೀಸೆ

"ಕ್ಯಾಮೆರಾ ತೆಗಿ!"

ನನ್ನ ಕುತ್ತಿಗೆಯ ಮೇಲೆ ಕಾವಲುಗಾರನ ಕೈ. ಮೂಗು ಗಾಜಿನ ಪೆಟ್ಟಿಗೆಗೆ ಒತ್ತಿಕೊಂಡಿತ್ತು. ಒಳಗೆ ಚಿನ್ನದ ನಾಣ್ಯ... ಅದರ ಮೇಲೆ ಯಾವುದೋ ಕಾಲದ ರಾಣಿ.

"ತೆಗೀತೀನಿ ಮಾರಾಯ. ಲೆನ್ಸ್ ಬಾಡಿಗೇದು. ಬಿದ್ರೆ ನಿನ್ನ ಸಂಬಳ ಹೋಗುತ್ತೆ!"

ಹಿಡಿತ ಸಡಿಲವಾಯಿತು. ಸಂಬಳ ಅಂದರೆ ಎಂಥ ರಾಕ್ಷಸನೂ ಮೆತ್ತಗಾಗುತ್ತಾನೆ ನೋಡಿ!

ಇದೆಲ್ಲ ಶುರುವಾಗಿದ್ದು ಇವತ್ತು ಬೆಳಿಗ್ಗೆ, ಅಕ್ಕನ ಮನೆಯಲ್ಲಿ. ಅಮ್ಮ ಸಾಯುವಾಗ ಅಕ್ಕನಿಗೆ ಒಂದು ನಾಣ್ಯ ಕೊಟ್ಟಿದ್ದಳು. ನಿನ್ನೆ ಅಕ್ಕ ಅದನ್ನು ಈ ಹರಾಜು ಮನೆಗೆ ತಂದಳು. ಯಜಮಾನ ತೂಗಿ ನೋಡಿ "ಖೋಟಾ!" ಅಂದ. ಇವತ್ತು ಐದು ಗಂಟೆಗೆ ಪೊಲೀಸ್ ಕಂಪ್ಲೇಂಟ್. ಅಕ್ಕನಿಗೆ ಜೈಲು! ಹೊರಬರುವಾಗ ಅವಳು ಕಂಡಿದ್ದೇನು? ಅಂಥದ್ದೇ ನಾಣ್ಯ, ಇವತ್ತಿನ ಹರಾಜಿಗೆ!

"ನಂದೇ ಕಣೋ ಅದು," ಅಂತ ಅತ್ತಳು.

"ಅಳ್ಬೇಡ. ನಿಂದಾದ್ರೆ ಗುರುತಿದೆ."

ಏಳು ವರ್ಷದವನಿದ್ದಾಗ ಸೂಜಿಯಿಂದ ರಾಣಿಗೆ ಮೀಸೆ ಬರೆದಿದ್ದೆ. ಕೂದಲೆಳೆಯಂಥ ಗೀರು, ಬರಿಗಣ್ಣಿಗೆ ಕಾಣದು. ಅಮ್ಮ ಕೊಟ್ಟ ಏಟು ಮಾತ್ರ ಇನ್ನೂ ನೆನಪಿದೆ.

ಭಾವ ಮೆಟ್ಟಿಲ ಮೇಲೆ ಕೂತು ಬೆಲ್ಟಿನ ಬಕಲ್‌ಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜುತ್ತಿದ್ದರು. ಹೊಳೆಯದ ವಸ್ತು ಕಂಡರೆ ಅವರಿಗಾಗದು.

"ದೊಡ್ಡೋರ ತಂಟೆ ನಿಂಗ್ಯಾಕೆ?" ಅಂದರು.

ಕ್ಯಾಮೆರಾ ಅಂಗಡಿಯ ಮುದುಕ ಸಣ್ಣದನ್ನು ದೊಡ್ಡದಾಗಿ ತೋರಿಸುವ ಎರಡು ಮ್ಯಾಕ್ರೋ ಲೆನ್ಸ್ ಇಟ್ಟ. ಐವತ್ತು ಮಿಲಿಮೀಟರಿನದ್ದು ಗಿಡ್ಡ, ಅಗ್ಗ. ನೂರರದ್ದು ಉದ್ದ, ದುಬಾರಿ. ನಾನು ಅಗ್ಗದ್ದಕ್ಕೆ ಕೈ ಹಾಕಿದೆ.

"ನಾಣ್ಯ ಗಾಜಿಂದ ಎಷ್ಟು ಕೆಳಗಿದೆ?"

"ನಾಲ್ಕು ಬೆರಳು."

"ಹಾಗಾದ್ರೆ ಅದನ್ನ ಕೆಳಗಿಡಪ್ಪ. ಐವತ್ತರದ್ದು ನಾಣ್ಯಕ್ಕೆ ಮುತ್ತಿಡೋಷ್ಟು ಹತ್ರ ಹೋಗ್ಬೇಕು, ಗಾಜು ಬಿಡಲ್ಲ. ಗಾಜಿಲ್ದಿದ್ರೂ ಅಷ್ಟೇ... ತೀರಾ ಹತ್ರ ಹೋದ್ರೆ ಲೆನ್ಸಿನ ನೆರಳೇ ನಾಣ್ಯದ ಮೇಲೆ ಬೀಳುತ್ತೆ. ನೂರರದ್ದು ದೂರ ನಿಂತೇ ಅಷ್ಟು ದೊಡ್ಡದಾಗಿ ತೋರ್ಸುತ್ತೆ. ಟಾರ್ಚ್ ಪಕ್ಕದಿಂದ ಹಿಡಿ, ಗೀರು ಎದ್ದು ಕಾಣುತ್ತೆ."

ಗೊಣಗಿಕೊಂಡೇ ನೂರರದ್ದನ್ನು ಬಾಡಿಗೆಗೆ ತಂದಿದ್ದೆ.

ಈಗ ಕಾವಲುಗಾರನ ಹೊಟ್ಟೆಗೆ ಮೊಣಕೈಯಲ್ಲಿ ಗುದ್ದಿದೆ. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಬಟನ್.

ಕ್ಲಿಕ್!

ಯಜಮಾನ ಓಡಿ ಬಂದ. "ಎತ್ತಿ ಆಚೆ ಹಾಕು ಇವನನ್ನ!"

"ಹಾಕಿ. ಮೊದ್ಲು ಇದನ್ನ ನೋಡಿ!"

ಸ್ಕ್ರೀನಿನಲ್ಲಿ ರಾಣಿಯ ತುಟಿ. ತುಟಿಯ ಮೇಲೆ ನನ್ನ ಮೀಸೆ! ಎಡಕ್ಕೆ ಮೂರು ಗೀರು, ಬಲಕ್ಕೆ ಎರಡು. ಮೂರನೆಯದಕ್ಕೆ ಅಮ್ಮ ಬಿಟ್ಟಿರಲಿಲ್ಲ.

ಯಜಮಾನ ಮೀಸೆ ನೋಡಲೇ ಇಲ್ಲ. ಅವನ ಕಣ್ಣು ಅಕ್ಷರಗಳ ಸಂದಿಯಲ್ಲಿದ್ದ ಬಿಳಿ ಪುಡಿಯ ಮೇಲಿತ್ತು.

"ಥೂ! ಟೂತ್‌ಪೇಸ್ಟ್! ಯಾವ ಮುಠ್ಠಾಳ ಇದನ್ನ ಉಜ್ಜಿದ್ದು? ಹಳೇ ಬಣ್ಣ ಪೂರ್ತಿ ಹೋಯ್ತಲ್ಲೋ! ನಾಣ್ಯ ಬಲ್ಲವನು ಬಟ್ಟೆ ಕೂಡ ತಾಗಿಸಲ್ಲ! ಛೆ, ನಾನೂ ತೂಕ ನೋಡಿ ತಗೊಂಡ್ಬಿಟ್ಟೆ..."

ನಾನು ಅವನ ತೋಳು ಹಿಡಿದೆ.

"ಯಾರು ತಂದಿದ್ದು?"

ಅವನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಲ್ಲಿ ಒಬ್ಬ ಎದ್ದು ಬಾಗಿಲ ಕಡೆ ಸರಿದ. ಬೆಲ್ಟಿನ ಬಕಲ್ ಫಳಫಳ!

ಓಡಿದ. ಓಡಿದೆ. ಮೂರನೇ ಮಹಡಿ... ಎರಡು... ಒಂದು... ಬೀದಿಬಾಗಿಲಲ್ಲಿ ಕಾಲರ್ ಸಿಕ್ಕಿತು.

"ಬಿಡೋ! ನಾನು ನಿನ್ನ ಭಾವ!"

"ಇಷ್ಟು ದಿನ 'ನೀವು' ಅಂದಿದ್ದೇ ಹೆಚ್ಚಾಯ್ತು. ನಡಿಯೋ ಮೇಲೆ!"

"ಹೊಳೆದ್ರೆ ಜಾಸ್ತಿ ಬರುತ್ತೆ ಅಂದ್ಕೊಂಡೆ ಕಣೋ..."

ಅಸಲಿಯನ್ನು ತಾನು ಮಾರಾಟಕ್ಕಿಟ್ಟು, ಹೆಂಡತಿಯ ಡಬ್ಬಿಯಲ್ಲಿ ಖೋಟಾ ಇಟ್ಟಿದ್ದ. ಅವಳು ಅಳುವಾಗ ಕೂತು ಬಕಲ್ ಉಜ್ಜಿದ್ದ! ಇವನ ಪಕ್ಕ ಕೂತು ಎಷ್ಟು ಸಲ ಉಂಡಿದ್ದೇನೋ. ಅದನ್ನು ನೆನೆದೇ ಹೇಸಿಗೆಯಾಯಿತು.

ಐದು ಗಂಟೆಗೆ ಕಂಪ್ಲೇಂಟ್ ಹೋಯಿತು. ಹೆಸರು ಮಾತ್ರ ಬೇರೆ.

ಅಕ್ಕ ಸ್ಕ್ರೀನನ್ನೇ ತುಂಬ ಹೊತ್ತು ನೋಡಿದಳು.

"ಹನ್ನೆರಡು ವರ್ಷ ಅವರ ಜೊತೆ ಒಂದೇ ಮನೇಲಿದ್ದೆ. ನಂಗೆ ಕಾಣ್ಲೇ ಇಲ್ವಲ್ಲೋ..."

ಲೆನ್ಸ್ ಬಿಚ್ಚಿ ಚೀಲಕ್ಕೆ ಹಾಕಿದೆ.

"ತೀರಾ ಹತ್ರ ಇದ್ದೆ ಅಕ್ಕ. ನಿನ್ನ ನೆರಳೇ ಅವನ ಮೇಲೆ ಬಿದ್ದಿತ್ತು."