ಸೋಮವಾರ ಹೊಡೆದ ಎಣ್ಣೆ

ಗ್ರಾಮಸಭೆಯಲ್ಲಿ ಶಂಕ್ರವ್ವ ಆಡಿದ ಮಾತು ಉಳವಪ್ಪನ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿತ್ತು. ಹಳಿಯಾಳದ ಹತ್ತಿರದ ಆ ಊರಿನಲ್ಲಿ, ಕೆರೆಯಂಚಿನ ಇಪ್ಪತ್ತು ಗುಂಟೆ ಪಂಚಾಯ್ತಿ ಜಾಗವನ್ನು ಹನ್ನೊಂದು ವರ್ಷ ಅವನೇ ಹಿಡಿದುಕೊಂಡಿದ್ದ. ಈ ಸಲ ಅದನ್ನು ಮೇವು ಬೆಳೆಯಲು ಹೆಣ್ಣುಮಕ್ಕಳ ಸಂಘಕ್ಕೆ ಕೊಟ್ಟರು. ಅವನು ಎದ್ದು ಕೂಗಾಡಿದಾಗ ಸಂಘದ ಮುಂದಾಳು ಶಂಕ್ರವ್ವ ಕೂತಲ್ಲಿಂದಲೇ ಕೇಳಿದ್ದಳು:

“ಹನ್ನೊಂದ ವರ್ಷ ಅದರಾಗ ಏನ ಬೆಳದಿ ಉಳವಪ್ಪ? ಬರೇ ಕಾಂಗ್ರೆಸ್ ಕಸ!”

ಸಭೆಗೆ ಸಭೆಯೇ ನಕ್ಕಿತು. ಅವನ ಹೆಂಡತಿ ಕಾಶೆವ್ವ ಕೂಡ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನಗಲಿ, ಹಲ್ಲು ಉದುರುವಷ್ಟು ನಗಲಿ. ಬಿತ್ತಿದ ಮೇವಿನಲ್ಲಿ ಅರ್ಧ ಹಾಳಾದರೂ ಜಾಗ ಮರಳಿ ಉಳವಪ್ಪನಿಗೇ ಎಂದು ಠರಾವಿನಲ್ಲಿ ಬರೆದಿತ್ತು. ಅವನಿಗೆ ಅಷ್ಟು ಸಾಕಿತ್ತು.

ಸಂಘದವರು ಗಿನಿ ಹುಲ್ಲು, ಅಲಸಂದಿ ಕೂಡಿಸಿ ಬಿತ್ತಿದ್ದರು. ಎಲ್ಲವನ್ನೂ ಸುಡುವ ಕಳೆ ಎಣ್ಣೆ ಹೊಡೆಯುವುದು ದಡ್ಡರ ಕೆಲಸ. ಹೊಲ ಬೋಳಾದರೆ ಕುರುಡನಿಗೂ ಗೊತ್ತಾಗುತ್ತದೆ. ಅವನ ಕೊಟ್ಟಿಗೆಯಲ್ಲಿ ಗೋವಿನಜೋಳಕ್ಕೆ ತಂದು ಉಳಿದ ಕಳೆನಾಶಕವಿತ್ತು. ಅದು ಹುಲ್ಲಿನ ಜಾತಿಯನ್ನು ಮುಟ್ಟುವುದಿಲ್ಲ, ಅಗಲ ಎಲೆಯದನ್ನು ಬಿಡುವುದಿಲ್ಲ. ಮೂರೆಲೆಯ ಎಳೆ ಅಲಸಂದಿ ಸುರುಟಿ ಸಾಯುತ್ತದೆ, ಹುಲ್ಲು ನಿಂತಿರುತ್ತದೆ. ಬೀಜದಲ್ಲೇ ರೋಗವಿತ್ತು ಎಂದು ಜನ ಬೀಜ ತಂದ ಶಂಕ್ರವ್ವನ ಮುಖಕ್ಕೆ ಉಗಿಯುತ್ತಾರೆ.

ಸೋಮವಾರವನ್ನೇ ಆರಿಸಿಕೊಂಡ. ಅಂದು ಬಸವಣ್ಣನ ದಿನ, ಆ ಊರಲ್ಲಿ ಯಾರೂ ಎತ್ತು ಹೂಡುವುದಿಲ್ಲ, ಹೊಲದ ಕಡೆ ಸುಳಿಯುವುದಿಲ್ಲ. ಕೆರೆದಂಡೆಯಲ್ಲಿ ಬಾಟಲಿ ಬಿಚ್ಚಿದರೆ ದನ ಕಾಯುವವರು ಕಂಡಾರೆಂದು ಎಣ್ಣೆಯನ್ನು ಮನೆಯಲ್ಲೇ ನೀರಿಗೆ ಬೆರೆಸಿ ಸಿಂಪಡಿಸುವ ಪಂಪಿಗೆ ತುಂಬಿದ. ಪಂಪು ಬೆನ್ನಿಗೇರಿಸಿ, ಹಿತ್ತಲ ಬಾಗಿಲಿನಿಂದ ಕಾಲುದಾರಿ ಹಿಡಿದು ಏಳು ಸಲ ಹೋಗಿಬಂದ. ಬೆನ್ನು ತೊಯ್ದು ತೊಪ್ಪೆಯಾಗಿತ್ತು. ಮಧ್ಯಾಹ್ನದ ಬಿಸಿಲನ್ನು ಬೈಯುತ್ತ ಬೆವರು ಒರೆಸಿಕೊಂಡ.

ಎರಡು ವಾರಕ್ಕೆ ಕೃಷಿ ಇಲಾಖೆಯ ಮಹಾಬಳೇಶ್ವರ ಬಂದ. ಊರೇ ಸೇರಿತ್ತು. ಉಳವಪ್ಪನೇ ಎಲ್ಲರಿಗಿಂತ ಮೊದಲು ಬಾಯಿ ತೆಗೆದ.

“ನೋಡ್ರಿ ಸಾಹೇಬ್ರ, ಅಲಸಂದಿ ಅಷ್ಟ ಸತ್ತೈತಿ, ಹುಲ್ಲಿಗೆ ಏನೂ ಆಗಿಲ್ಲ. ಬೀಜದಾಗ ರೋಗ ಐತ್ರಿ. ಈಕಿ ಮಾಡಿದ ಕೆಲಸ ಇದು!”

ಶಂಕ್ರವ್ವ ಬಗ್ಗಿ, ಸುರುಟಿ ಕಪ್ಪಾದ ಒಂದು ಗಿಡ ಕಿತ್ತು ಅವನ ಮುಖಕ್ಕೆ ಹಿಡಿದಳು. ಕಾಂಗ್ರೆಸ್ ಕಸ, ಅದೂ ಹುಲ್ಲಿನ ಜಾತಿಯದಲ್ಲ. “ಇದರ ಬೀಜ ನಾ ತಂದಿಲ್ಲೋ, ಹನ್ನೊಂದ ವರ್ಷ ಬೆಳಸಿದಾಂವ ನೀನ. ಇದಕ್ಯಾಕ ಬಂತು ಆ ರೋಗ?” ಮಹಾಬಳೇಶ್ವರ ಸತ್ತ ಕಸವನ್ನೇ ನೋಡುತ್ತ ಹೊಲದ ಅಂಚಿಗೆ ಬಂದ. ಅಲ್ಲಿಂದಾಚೆ ಕಸ ಎದೆಮಟ್ಟ ಹಸಿರಾಗಿ ನಿಂತಿತ್ತು, ಕಾಲುದಾರಿಯ ಬದಿಯದು ಮಾತ್ರ ಸತ್ತಿತ್ತು. ಗೇಣಗಲದ ಆ ಒಣಗಿದ ಸಾಲು ಎಲ್ಲೂ ಕಡಿಯದೆ ಉಳವಪ್ಪನ ಹಿತ್ತಲ ಬಾಗಿಲಿಗೆ ಹೋಗಿ ನಿಂತಿತ್ತು. ಜನ ಅದರ ಗುಂಟ ನಡೆಯತೊಡಗಿದರು. ಆ ಸೋಮವಾರ ಬೆನ್ನು ತೋಯಿಸಿದ್ದು ಬೆವರಲ್ಲ, ಪಂಪು ಸೋರುತ್ತಿತ್ತು ಎಂಬುದು ಉಳವಪ್ಪನಿಗೆ ಆಗ ಗೊತ್ತಾಯಿತು.