ಸಾವುತ್ ಅಜ್ಜನ ಮರ

“ಏ ಮಾಹಿರೆ, ನಿನ್ನ ಗಿಡ ಒಣಗಿ ಕಡ್ಡಿ ಆಗಿದೆ ನೋಡೇ!”

ಇಸ್ಮೆತ್ ಕೂಗಿದ್ದು ಇಡೀ ಕ್ಲಾಸಿಗೆ ಕೇಳಿಸೀತು ಎಂದು ಮಾಹಿರೆ ಓಡಿಬಂದು ಅವನ ಬಾಯಿ ಮುಚ್ಚಿದಳು.

“ನಾಳೆ ಅಜ್ಜಿ ನೋಡೋಕೆ ಬರ್ತಾಳೆ ಕಣೋ. ಸುಮ್ನಿರು!”

“ಬಂದ್ರೆ ಏನ್ ತೋರಿಸ್ತೀಯ? ಈ ಕಡ್ಡೀನಾ?”

ಶಾಲೆಯ ಹಿಂದೆ, ಮರಳುಗಾಡು ಶುರುವಾಗುವ ಕಡೆ, ಐದನೇ ಕ್ಲಾಸಿನ ಮಕ್ಕಳು ಒಬ್ಬೊಬ್ಬರೂ ಒಂದೊಂದು ತೊಗ್ರಾಕ್ ಸಸಿ ನೆಟ್ಟಿದ್ದರು. ನುಗ್ಗಿ ಬರುವ ಮರಳನ್ನು ತಡೆಯುವ ಗಟ್ಟಿತನ ಆ ಮರಕ್ಕಿದೆ. ಮಾಹಿರೆ ತನ್ನ ಸಸಿಗೆ ‘ಸಾವುತ್ ಅಜ್ಜ’ ಎಂದು ಬರೆದ ಪುಟ್ಟ ಹಲಗೆ ಕಟ್ಟಿದ್ದಳು. ಅಜ್ಜ ಕಳೆದ ಚಳಿಗಾಲದಲ್ಲಿ ತೀರಿಕೊಂಡಿದ್ದ. ತೊಗ್ರಾಕ್ ಬೊಡ್ಡೆ ಕೊರೆದು ಅವನಷ್ಟು ಚೆಂದವಾಗಿ ದೋಣಿ ಮಾಡುವವರು ತಾರಿಮ್ ನದಿಯ ಈ ದಂಡೆಯಲ್ಲಿ ಇರಲಿಲ್ಲ. ಹಲಗೆಯ ಸುದ್ದಿ ಕೇಳಿದಾಗಿನಿಂದ ಅಜ್ಜಿ “ನಂಗೂ ತೋರಿಸೇ” ಎಂದು ದುಂಬಾಲು ಬಿದ್ದಿದ್ದಳು.

ಸಸಿ ಒಣಗಿದ್ದು ಮಾಹಿರೆಯ ತಪ್ಪಿನಿಂದಲೇ. ದೊಡ್ಡ ಮರದ ಬೇರಿನಿಂದ ಚಿಗುರಿದ್ದ ಮರಿ ಅದು. ಅಗೆದಷ್ಟೂ ಬೇರು ಮುಗಿಯಲಿಲ್ಲ. ಉಳಿದವರೆಲ್ಲ ಕೂತು ನಿಧಾನವಾಗಿ ಅಗೆದರು. ಮಾಹಿರೆಗೆ ಬೇಸರ ಬಂದು ಗುದ್ದಲಿಯಿಂದ ಕಚಕ್ಕನೆ ಕಡಿದು ತಂದಿದ್ದಳು.

ಆ ಸಂಜೆ ಅವಳು ಕಾಲುವೆ ಪಕ್ಕದಲ್ಲಿ ಬೇರು ಬಿಟ್ಟಿದ್ದ ವಿಲ್ಲೋ ಮರದ ರೆಂಬೆಯೊಂದನ್ನು ಕಿತ್ತು ತಂದಳು. ಒಣಗಿದ್ದನ್ನು ಎಸೆದು, ಅದೇ ಗುಣಿಯಲ್ಲಿ ಇದನ್ನು ನೆಟ್ಟಳು. ಎಳೆಯ ತೊಗ್ರಾಕ್‌ಗೂ ವಿಲ್ಲೋ ತರಹದ್ದೇ ಉದ್ದನೆಯ ಸಣ್ಣ ಎಲೆ. ಅಗಲವಾದ ಎಲೆ ಬರುವುದು ಮರ ದೊಡ್ಡದಾದ ಮೇಲೆ. ಅಷ್ಟರಲ್ಲಿ ನಾನು ಹೈಸ್ಕೂಲಿಗೆ ಹೋಗಿರ್ತೀನಿ ಎಂದುಕೊಂಡಳು.

ಮರುದಿನ ಅಜ್ಜಿ ಹೊಸ ತಲೆವಸ್ತ್ರ ಕಟ್ಟಿಕೊಂಡು ಬಂದಳು.

“ನೋಡಿ ಅಜ್ಜಿ, ಎಲ್ಲಕ್ಕಿಂತ ಹಸಿರಾಗಿರೋದು ನಿಮ್ಮದೇ!” ಎಂದರು ನೂರಿಯೆ ಟೀಚರ್. ಇಸ್ಮೆತ್ ಆಕಾಶ ನೋಡತೊಡಗಿದ.

ಅಜ್ಜಿಯ ಕಣ್ಣು ಮಂಜು. ಅವಳು ಕುಕ್ಕರಗಾಲಿನಲ್ಲಿ ಕೂತು ಹಲಗೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡಳು.

ಮಾಹಿರೆ ತಡೆಯಲು ಕೈ ಚಾಚುವಷ್ಟರಲ್ಲಿ ತಡವಾಗಿತ್ತು. ತೊಗ್ರಾಕ್ ಎಲೆ ಉಪ್ಪುಪ್ಪು. ಅದರ ತೊಗಟೆಯಿಂದ ಸೋರಿ ಒಣಗಿದ ಬಿಳಿ ಪುಡಿಯನ್ನೇ ಅಜ್ಜಿ ರೊಟ್ಟಿ ಹಿಟ್ಟಿಗೆ ಹಾಕುವುದು. ವಿಲ್ಲೋ ಎಲೆಯಾದರೋ ಬರೀ ಕಹಿ.

ಅಜ್ಜಿಯ ಬಾಯಿ ಒಂದು ಕ್ಷಣ ನಿಂತಿತು. ಮತ್ತೆ ಅಗಿದಳು, ನುಂಗಿದಳು.

“ಚೆನ್ನಾಗಿ ಬರ್ಲಿ,” ಎಂದು ಎದ್ದಳು.

ಇಬ್ಬರೂ ಮನೆಯ ದಾರಿ ಹಿಡಿದರು. ಮಾಹಿರೆಗೆ ತಡೆಯಲಾಗಲಿಲ್ಲ.

“ಅಜ್ಜಿ, ಬಾಯಿ ಕಹಿ ಆಯ್ತಾ?”

“ಆಯ್ತು.”

“ನಿಂಗೆ ಗೊತ್ತಾಗೋಯ್ತಾ?”

“ಮದುವೆಯಾಗಿ ಬಂದಾಗಿಂದ ಆ ಮರದ ಉಪ್ಪು ತಿಂದಿದೀನಿ. ಗೊತ್ತಾಗಲ್ವೇನೇ?”

“ಮತ್ತೆ ಅಲ್ಲೇ ಯಾಕೆ ಬೈಲಿಲ್ಲ?”

“ನಿಮ್ಮಜ್ಜನ ಹೆಸರಿತ್ತಲ್ಲ. ಅದರ ಮುಂದೆ ನಿಂತು ಹೆಂಗೆ ಬೈಲಿ?”

ಮಾಹಿರೆಗೆ ಅಳು ಬಂತು. ಅಜ್ಜಿ ಸಮಾಧಾನ ಮಾಡಲಿಲ್ಲ, ಕೈ ಮಾತ್ರ ಹಿಡಿದುಕೊಂಡಳು.

ಬೆಳಗ್ಗೆ ಹಾಜರಿ ಮುಗಿಯುವ ಮೊದಲೇ ಮಾಹಿರೆ ಎದ್ದು ನಿಂತಳು.

“ಟೀಚರ್, ನಂದು ತೊಗ್ರಾಕ್ ಅಲ್ಲ. ಅದು ಒಣಗೋಯ್ತು. ನಾನು ವಿಲ್ಲೋ ನೆಟ್ಟೆ.”

ಕ್ಲಾಸೆಲ್ಲ ಗೊಳ್ಳೆಂದಿತು. “ವಿಲ್ಲೋ ಮಾಹಿರೆ, ವಿಲ್ಲೋ ಮಾಹಿರೆ!” ಎಂದು ಹಿಂದಿನ ಬೆಂಚು ಹಾಡಿತು. ಟೀಚರ್ ಮೇಜು ಕುಟ್ಟಿದರು.

“ಬೇರು ಕಡಿದಿದ್ಯಾ?”

“ಹೂಂ ಟೀಚರ್.”

“ಮುಂದಿನ ವಸಂತದಲ್ಲಿ ಇನ್ನೊಂದು ನೆಡು. ಬೇರು ಪೂರ್ತಿ ಅಗೆದು ತೆಗೀಬೇಕು, ಗೊತ್ತಾಯ್ತಾ?”

ಬಿಡುವಿನಲ್ಲಿ ಅವಳೊಬ್ಬಳೇ ಶಾಲೆಯ ಹಿಂದೆ ಹೋದಳು. ಹಲಗೆಯ ದಾರ ಬಿಚ್ಚಿ, ಮರಳು ಒರೆಸಿ, ಬ್ಯಾಗಿನಲ್ಲಿ ಇಟ್ಟುಕೊಂಡಳು. ಹೆಸರಿಲ್ಲದ ವಿಲ್ಲೋ ಬಿಸಿಲಿಗೆ ಎಲೆ ಇಳಿಬಿಟ್ಟು ನಿಂತಿತ್ತು.

ಮಾಹಿರೆ ಗೇಟಿನ ತನಕ ಹೋದಳು. ಅಲ್ಲಿಂದ ತಿರುಗಿ ನೋಡಿದಳು. ಆಮೇಲೆ ವಾಪಸ್ ಬಂದು, ಬಕೆಟ್ ತಗೊಂಡು ಕಾಲುವೆಯ ಕಡೆ ನಡೆದಳು. ಅದನ್ನು ಇಲ್ಲಿಗೆ ತಂದವಳು ಅವಳೇ ತಾನೆ.